ರೋಟರಿ ಎಂಜಿನ್ನಿನ ಹಾರಾಟದ ಲೆಕ್ಕ

2012ರಲ್ಲಿ ಮಜ್ದಾ ಕಂಪನಿ ಆರ್‌ಎಕ್ಸ್-8 ಕಾರಿನ ತಯಾರಿಕೆ ನಿಲ್ಲಿಸಿದಾಗ ಕಾರುಪ್ರಿಯರು ಮರುಗಿದರು. ಅವರಷ್ಟೇ ಮರುಗಿದ ಇನ್ನೊಂದು ಚಿಕ್ಕ ಬಳಗ ಅಮೆರಿಕದಲ್ಲಿತ್ತು. ಗುಜರಿ ಸೇರಿದ ಮಜ್ದಾ ಕಾರುಗಳಿಂದ ರೋಟರಿ ಎಂಜಿನ್ ಇಳಿಸಿ, ಬಿಚ್ಚಿ ಸೀಲು ಬದಲಿಸಿ, ತಾವೇ ಕಟ್ಟಿದ ವಿಮಾನಕ್ಕೆ ಕೂರಿಸಿ ಹಾರುತ್ತಿದ್ದವರು ಅವರು. ಈ ಪ್ರಯತ್ನಕ್ಕೆ ಮೂರು ದಶಕ ಮೀರಿದೆ. ಅದರ ಲಾಭನಷ್ಟ ನೋಡುವ ಹೊತ್ತು ಬಂದಿದೆ. ಎಂಜಿನ್ ತನ್ನ ಪಾಲಿನ ಕೆಲಸ ಮಾಡಿತು, ಕೈಕೊಟ್ಟದ್ದು ಬಹುಪಾಲು ಅದರ ಸುತ್ತಲಿನ ನೀರು, ಪೆಟ್ರೋಲು, ಗೇರು, ತಂತಿಗಳ ಏರ್ಪಾಟು ಎಂಬುದು ನಮ್ಮ ತೀರ್ಮಾನ.

ಸ್ವಂತ ಕೈಯಲ್ಲಿ ವಿಮಾನ ಕಟ್ಟುವ ಹವ್ಯಾಸಕ್ಕೆ ಅಮೆರಿಕದ ಕಾನೂನು ಉದಾರ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು, ಅಷ್ಟೆ. ಎಂಜಿನ್ನಿಗೆ ಸರ್ಕಾರಿ ಪ್ರಮಾಣಪತ್ರ ಕಡ್ಡಾಯವಲ್ಲ. ಪ್ರಮಾಣಪತ್ರವಿರುವ ಎಂಜಿನ್, ಪ್ರೊಪೆಲ್ಲರ್ ಜೋಡಿಗೆ 25 ಗಂಟೆ ಪರೀಕ್ಷಾ ಹಾರಾಟ, ಇಲ್ಲದ್ದಕ್ಕೆ 40 ಗಂಟೆ ಎಂಬುದು ಬಹುಕಾಲದ ನಿಯಮ. ಮಾರುಕಟ್ಟೆಯಲ್ಲಿದ್ದ ಲೈಕಮಿಂಗ್ ಒ-360 ಎಂಜಿನ್ 1950ರ ದಶಕದ ವಿನ್ಯಾಸ: 5.9 ಲೀಟರ್ ಗಾತ್ರ, 180 ಅಶ್ವಶಕ್ತಿ. ಹೊಸದನ್ನು ಕೊಂಡರೆ ಇಡೀ ವಿಮಾನದ ಕಿಟ್‌ಗಿಂತ ಅದೇ ದುಬಾರಿಯಾಗುವುದುಂಟು. ಮಜ್ದಾದ 13ಬಿ ಎಂಜಿನ್ನಿನ ಗಾತ್ರ 1.3 ಲೀಟರ್. ಆರು ಸಾವಿರ ಆರ್‌ಪಿಎಂನಲ್ಲಿ ಅದೂ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಕೊಡುತ್ತಿತ್ತು, ಬೆಲೆ ಮಾತ್ರ ತೀರಾ ಕಡಿಮೆ. ವ್ಯಾನ್ಸ್ ಕಂಪನಿಯ ಆರ್‌ವಿ ಕಿಟ್‌ಗಳಿಗೂ, ಪ್ರೊಪೆಲ್ಲರ್ ಹಿಂದಿರುವ ಕೋಝಿ ವಿಮಾನಗಳಿಗೂ ಅದು ಸೇರಿದ್ದು ಹೀಗೆ.

ಈ ಎಂಜಿನ್ನನ್ನು ಮೇಜಿನ ಮೇಲೆ ಬಿಚ್ಚಿಟ್ಟರೆ ಸಿಗುವುದು ಒಂದರ ಪಕ್ಕ ಒಂದು ಕೂತ ಐದು ದಪ್ಪ ಹಲಗೆಗಳು: ಮೂರು ಬೀಡುಕಬ್ಬಿಣದವು, ಅವುಗಳ ನಡುವೆ ಅಲ್ಯೂಮಿನಿಯಂನ ಎರಡು ಹೌಸಿಂಗ್. ಎಲ್ಲವನ್ನೂ ಉದ್ದನೆಯ ಬೋಲ್ಟುಗಳು ಬಿಗಿದು ಹಿಡಿದಿರುತ್ತವೆ. ಒಳಗೆ ತಿರುಗುವ ಮುಖ್ಯ ಭಾಗಗಳು ಮೂರೇ, ಎರಡು ತ್ರಿಕೋನ ರೋಟರ್ ಮತ್ತು ಒಂದು ಶಾಫ್ಟ್. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ. ವಾಲ್ವ್ ಇಲ್ಲ, ಕನೆಕ್ಟಿಂಗ್ ರಾಡ್ ಇಲ್ಲ. ಮರುಜೋಡಣೆ ಮಾಡುವವರು ಹೌಸಿಂಗ್‌ನ ಒಳಮೈಯ ಕ್ರೋಮ್ ಲೇಪ ಅಂಚಿನಲ್ಲಿ ಎದ್ದಿದೆಯೇ ಎಂದು ಬೆರಳಾಡಿಸಿ ನೋಡುತ್ತಾರೆ. ರೋಟರ್‌ನ ಮೂಲೆಗಳಲ್ಲಿ ಕೂರುವ ಏಪೆಕ್ಸ್ ಸೀಲು, ಪಕ್ಕದ ಸೀಲು, ಅವುಗಳ ಹಿಂದಿನ ಸಣ್ಣ ಸ್ಪ್ರಿಂಗು, ನೀರು ತಡೆಯುವ ರಬ್ಬರ್ ಉಂಗುರ, ಎಲ್ಲವೂ ಹೊಸದು. ಹೌಸಿಂಗ್ ಇಳಿಸುವಾಗ ಸೀಲು ಜಾರಿ ಬೀಳದಿರಲೆಂದು ವ್ಯಾಸಲೀನ್ ಸವರಿ ಅಂಟಿಸಿಕೊಳ್ಳುತ್ತಾರೆ. ತಾಳ್ಮೆಯಿರುವವರು ಇದನ್ನು ಮನೆಯ ಗ್ಯಾರೇಜಿನಲ್ಲೇ ಮುಗಿಸಬಲ್ಲರು.

ಗಾಳಿಯಲ್ಲಿ ಇದರ ದೊಡ್ಡ ಗುಣ, ಕೆಡುವಾಗಲೂ ಒಮ್ಮೆಲೇ ಕೈಬಿಡದಿರುವುದು. ಪಿಸ್ಟನ್ ಎಂಜಿನ್ನಿನಲ್ಲಿ ರಾಡ್ ಮುರಿದರೆ ಅಲ್ಲಿಗೆ ಕಥೆ ಮುಗಿಯಿತು. ಇದರಲ್ಲಿ ಒಂದು ಸೀಲು ಒಡೆದರೆ ಸಾಮಾನ್ಯವಾಗಿ ಬಲ ಕುಗ್ಗುತ್ತದೆ, ಉಳಿದ ರೋಟರ್ ದುಡಿಯುತ್ತಲೇ ಇರುತ್ತದೆ. ರನ್‌ವೇ ಹುಡುಕಿಕೊಳ್ಳಲು ಪೈಲಟ್‌ಗೆ ಅಷ್ಟು ಸಮಯ ಸಿಕ್ಕರೆ ಜೀವ ಉಳಿದಂತೆ. ಒಂದೊಂದು ರೋಟರ್‌ಗೂ ಕಾರಿನಲ್ಲೇ ಎರಡೆರಡು ಸ್ಪಾರ್ಕ್ ಪ್ಲಗ್ ಇದ್ದದ್ದು ವಿಮಾನಕ್ಕೆಂದೇ ಮಾಡಿದಂತಿತ್ತು.

ತೊಂದರೆ ಕಾಣಿಸಿದ್ದು ಶಾಖದಲ್ಲಿ. ಹೆದ್ದಾರಿಯಲ್ಲಿ ಓಡುವ ಕಾರು ತನ್ನ ಎಂಜಿನ್ನಿನ ಪೂರ್ಣಬಲದ ಸಣ್ಣ ಪಾಲನ್ನಷ್ಟೇ ಬಳಸುತ್ತದೆ. ವಿಮಾನ ಗಂಟೆಗಟ್ಟಲೆ ಮುಕ್ಕಾಲು ಬಲ ಕೇಳುತ್ತದೆ. ಮೇಲೇರುವಾಗ, ಗಾಳಿಯ ಹರಿವು ಕಡಿಮೆ ಇರುವ ಹೊತ್ತಿನಲ್ಲೇ, ಪೂರ್ತಿ ಬಲ ಕೇಳುತ್ತದೆ. ಮೇಲಾಗಿ ರೋಟರ್‌ಗಳನ್ನು ತಣಿಸುವುದು ಎಣ್ಣೆ. ಅದಕ್ಕೆ ದೊಡ್ಡ ಕೂಲರ್ ಬೇಕು. ಹವ್ಯಾಸಿಗಳು ಜನರಲ್ ಮೋಟಾರ್ಸ್ ಕಾರುಗಳ ಏಸಿ ಕೂಲಿಂಗ್ ಕಾಯಿಲ್ ತಂದು, ಅದಕ್ಕೆ ಪೈಪ್ ಬೆಸೆದು ರೇಡಿಯೇಟರ್ ಮಾಡಿಕೊಂಡರು. ಜಾಣತನದ ಕೆಲಸವೇ ಸರಿ. ಆದರೆ ರೇಡಿಯೇಟರ್‌ಗಿಂತ ಅದಕ್ಕೆ ಗಾಳಿ ತರುವ ನಾಳದ ಆಕಾರ ಮುಖ್ಯವೆಂಬುದು ತಿಳಿಯುವಷ್ಟರಲ್ಲಿ ಎಷ್ಟೋ ವಿಮಾನಗಳ ಮೂತಿಗಳನ್ನು ಕತ್ತರಿಸಿ ಮತ್ತೆ ಕಟ್ಟಬೇಕಾಯಿತು. ಹೊಗೆಯೋ ಪಿಸ್ಟನ್ ಎಂಜಿನ್ನಿನದಕ್ಕಿಂತ ಬಿಸಿ. ಸೈಲೆನ್ಸರ್‌ಗಳು ಸುಟ್ಟು ತೂತಾದವು. ಎಂಜಿನ್ ಕವಚದೊಳಗಿನ ಕಾವಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಎಂಜಿನ್ ಉಸಿರುಗಟ್ಟಿದ್ದೂ ಉಂಟು.

ಇದರ ಮೇಲೆ ಗೇರಿನ ಪ್ರಶ್ನೆ. ಪ್ರೊಪೆಲ್ಲರ್ 2,700 ಆರ್‌ಪಿಎಂಗಿಂತ ಬಹಳ ಹೆಚ್ಚು ತಿರುಗಿದರೆ ಅಲಗಿನ ತುದಿ ಶಬ್ದದ ವೇಗವನ್ನು ಸಮೀಪಿಸಿ ಬಲವೆಲ್ಲ ಸದ್ದಾಗಿ ಹೋಗುತ್ತದೆ. ಆದ್ದರಿಂದ ನಡುವೆ ವೇಗ ತಗ್ಗಿಸುವ ಗೇರ್‌ಬಾಕ್ಸ್ ಬೇಕೇ ಬೇಕು. ಫೋರ್ಡ್ ಆಟೊಮ್ಯಾಟಿಕ್ ಕಾರಿನ ಗೇರು ಬಳಸಿ ಅಂಥದ್ದೊಂದನ್ನು ತಯಾರಿಸಿ, ಇಂಧನ ಮತ್ತು ಕಿಡಿ ನಿಯಂತ್ರಿಸುವ ಪೆಟ್ಟಿಗೆಯನ್ನೂ ಜೊತೆಗೆ ಮಾರಿದ ಫ್ಲಾರಿಡಾದ ಸಣ್ಣ ಕಾರ್ಖಾನೆಯೊಂದು ಈ ಬಳಗಕ್ಕೆ ಮಾಡಿದ ಉಪಕಾರ ದೊಡ್ಡದು. ಅಷ್ಟಾದರೂ ಇಡೀ ವ್ಯವಸ್ಥೆಯ ಹೊಣೆ ಹೊರುವ ಕಂಪನಿ ಬರಲಿಲ್ಲ. ಒಬ್ಬೊಬ್ಬರ ವಿಮಾನವೂ ಬೇರೆ ಬೇರೆ ಪ್ರಯೋಗವಾಗಿಯೇ ಉಳಿಯಿತು. ಒಬ್ಬರು ಕಲಿತ ಪಾಠವನ್ನು ಮತ್ತೊಬ್ಬರು ಮೊದಲಿನಿಂದ ಕಲಿಯಬೇಕಾಯಿತು. ನಮ್ಮ ದೃಷ್ಟಿಯಲ್ಲಿ ಅತ್ಯಂತ ದೊಡ್ಡ ನಷ್ಟ ಇದೇ.

ದೊಡ್ಡ ಸಂಸ್ಥೆಗಳು ಯತ್ನಿಸಲಿಲ್ಲ ಎಂದಲ್ಲ. ಅಮೆರಿಕದ ಕರ್ಟಿಸ್-ರೈಟ್ ಕಂಪನಿ ರೋಟರಿ ಎಂಜಿನ್ ತಯಾರಿಸಲು 1958ರಲ್ಲೇ ಲೈಸೆನ್ಸ್ ಪಡೆದಿತ್ತು. ಅದರ ರೋಟರಿ ಎಂಜಿನ್ ಲಾಕ್‌ಹೀಡ್‌ನ ಕ್ಯೂ-ಸ್ಟಾರ್ ವಿಮಾನವನ್ನು ಹಾರಿಸಿತು. 1984ರಲ್ಲಿ ಆ ತಂತ್ರಜ್ಞಾನ ಟ್ರ್ಯಾಕ್ಟರ್ ತಯಾರಿಸುವ ಜಾನ್ ಡೀರ್ ಕಂಪನಿಯ ಕೈಸೇರಿತು. ಮಜ್ದಾ ಎಂಜಿನ್ನಿನ ತಳಹದಿಯ ಮೇಲೆ ವಿಮಾನದ ಎಂಜಿನ್ ಮಾಡಹೊರಟ ಸ್ವಿಟ್ಜರ್ಲೆಂಡಿನ ಮಿಸ್ಟ್ರಾಲ್ ಕಂಪನಿ ಬಾಗಿಲು ಮುಚ್ಚಿತು. ರೋಟರಿ ನೆಲೆಯೂರಿದ್ದು ಚಿಕ್ಕ ಗಾತ್ರದಲ್ಲಿ. ಜರ್ಮನಿಯ ಶ್ಲೈಷರ್ ಕಂಪನಿಯ ಗ್ಲೈಡರ್‌ಗಳು ತಾವಾಗಿಯೇ ನೆಲಬಿಟ್ಟು ಏಳಲು ಒಂದೇ ರೋಟರ್‌ನ ಎಂಜಿನ್ ಬಳಸುತ್ತವೆ. ನಮ್ಮಲ್ಲೂ 2009ರಲ್ಲಿ ಡಿಆರ್‌ಡಿಒದ ಚಾಲಕರಹಿತ ವಿಮಾನ ‘ನಿಶಾಂತ್’ ದೇಶದಲ್ಲೇ ತಯಾರಾದ 55 ಅಶ್ವಶಕ್ತಿಯ ರೋಟರಿ ಎಂಜಿನ್ ಹೊತ್ತು ಕೋಲಾರದ ಬಳಿ ಹಾರಿತು. ಆ ಎಂಜಿನ್ನಿನ ಹಿಂದೆ ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆಗಳಾದ ಎನ್‌ಎಎಲ್ ಮತ್ತು ಎಡಿಇಗಳ ದುಡಿಮೆಯೂ ಇತ್ತು. ಕನ್ನಡನಾಡಿನಲ್ಲಿ ಇದನ್ನು ನೆನೆಯುವವರು ಕಡಿಮೆ ಎಂಬುದು ಬೇಸರದ ಸಂಗತಿ.

ಇನ್ನು ಮುಂದಿನ ಮಾತು. ಮಜ್ದಾದ ಇನ್ನೊಂದು ರೋಟರಿ ಕಾರು ಆರ್‌ಎಕ್ಸ್-7ರ ತಯಾರಿಕೆ ನಿಂತದ್ದೇ 2002ರಲ್ಲಿ. ಮತ್ತೆ ಕಟ್ಟಲು ಯೋಗ್ಯವಾದ ಹಳೆಯ ಹೌಸಿಂಗ್‌ಗಳು ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಿವೆ. ಇನ್ನೊಂದೆಡೆ, ವಿಮಾನದ ಪೆಟ್ರೋಲಿನಿಂದ 2030ರೊಳಗೆ ಸೀಸ ತೆಗೆಯುವುದು ಅಮೆರಿಕದ ಗುರಿ. ಕಾರಿನ ಸಾಧಾರಣ ಪೆಟ್ರೋಲಿನಲ್ಲೇ ಓಡುವ ರೋಟರಿಗೆ ಆ ಚಿಂತೆಯಿಲ್ಲ. 2023ರಲ್ಲಿ ಮಜ್ದಾ ಎಂಎಕ್ಸ್-30 ಕಾರಿನ ಬ್ಯಾಟರಿ ಚಾರ್ಜ್ ಮಾಡಲೆಂದು 830 ಸಿಸಿಯ ಒಂಟಿ ರೋಟರ್ ಎಂಜಿನ್ ತಂದಿತು. ಅದರ ಪಕ್ಕದ ಹೌಸಿಂಗ್‌ಗಳು ಕಬ್ಬಿಣ ಬಿಟ್ಟು ಅಲ್ಯೂಮಿನಿಯಂಗೆ ಬಂದಿವೆ, ಏಪೆಕ್ಸ್ ಸೀಲು ಇನ್ನಷ್ಟು ದಪ್ಪವಾಗಿದೆ. ತೂಕ ಇಳಿಸಲು, ಸೀಲಿನ ಬಾಳಿಕೆ ಹೆಚ್ಚಿಸಲು ವಿಮಾನ ಕಟ್ಟುವವರು ಬಯಸುತ್ತಿದ್ದದ್ದು ಇದನ್ನೇ. ಈ ಎಂಜಿನ್ನನ್ನು ಮುಂದೆ ಯಾರಾದರೂ ವಿಮಾನಕ್ಕೆ ಹೊಂದಿಸುವುದಾದರೆ, ಹಿಂದಿನವರು ಕಷ್ಟಪಟ್ಟು ಕಂಡುಕೊಂಡ ಗಾಳಿನಾಳದ ಅಳತೆ, ಗೇರಿನ ನಕ್ಷೆ, ಪೆಟ್ರೋಲ್ ಪೈಪಿನ ದಾರಿ ಅವರ ಕೈಗೆ ಸಿಗಬೇಕು. ಅವೆಲ್ಲ ಇಂದು ವಯಸ್ಸಾದ ಕೆಲವರ ನೋಟ್‌ಪುಸ್ತಕಗಳಲ್ಲಿವೆ. ಹವ್ಯಾಸಿ ವಿಮಾನ ಸಂಘಗಳು ಅವನ್ನು ಕಲೆಹಾಕುವ ಕೆಲಸವನ್ನು ಈ ವರ್ಷವೇ ಕೈಗೆತ್ತಿಕೊಳ್ಳಲಿ.