ಅಡಿಕೆಗೆ ಹೋದ ಮಾನ

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ನಮ್ಮ ಕಡೆಯ ಜನ ಇಂದಿಗೂ ಅಕ್ಷರಶಃ ನಡೆಸಿಕೊಂಡು ಬಂದಿದ್ದಾರೆ. ನೊಣವಿನಕೆರೆಯ ಸುತ್ತಿನ ಯಾವ ಹಳ್ಳಿಗಾದರೂ ಹೋಗಿ ವಿಚಾರಿಸಿರಿ. ಇಪ್ಪತ್ತು ವರ್ಷಗಳ ಹಿಂದೆ ಪಕ್ಕದವರ ತೋಟದಲ್ಲಿ ರಾತ್ರಿ ಹೊತ್ತು ನಾಲ್ಕು ಕಾಯಿ ಕೆಡವಿ ಸಿಕ್ಕಿಬಿದ್ದವನ ಹೆಸರಿಗೆ ಆ ನಾಲ್ಕು ಕಾಯಿ ಇನ್ನೂ ಅಂಟಿಕೊಂಡಿರುತ್ತವೆ. ಅವನ ಮಗಳ ಮದುವೆಯ ಮಾತುಕತೆಯಲ್ಲಿ ಅವು ಬಂದು ಕೂರುತ್ತವೆ. ಅವನು ಸಂತೆಯಲ್ಲಿ ಸಾಲ ಕೇಳಿದರೆ ಅವನಿಗಿಂತ ಮುಂಚೆ ಅವು ಅಂಗಡಿಯ ಕಟ್ಟೆ ಹತ್ತಿರುತ್ತವೆ. ಇದು ಕ್ರೂರವೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ನಾಲ್ಕು ಕಾಯಿಗೆ ಇಷ್ಟು ದೀರ್ಘವಾದ ಶಿಕ್ಷೆಯನ್ನು ಯಾವ ದಂಡಸಂಹಿತೆಯೂ ವಿಧಿಸಿಲ್ಲ.

ಗಾದೆ ಅಲ್ಲಿಗೇ ನಿಲ್ಲುತ್ತದೆ. ಆನೆಯನ್ನೇ ಹೊಡೆದುಕೊಂಡು ಹೋದವನ ಮಾನ ಏನಾಗುತ್ತದೆಂಬುದನ್ನು ಅದನ್ನು ಕಟ್ಟಿದ ಹಿರಿಯರು ಹೇಳಲಿಲ್ಲ. ಅಂಥ ಸಂದರ್ಭ ಅವರಿಗೆ ಒದಗಿರಲಿಲ್ಲವೋ ಏನೋ. ನಮ್ಮ ಕಾಲಕ್ಕೆ ಅದು ಧಾರಾಳವಾಗಿ ಒದಗಿದೆ.

ಈ ವಿಷಯದಲ್ಲಿ ನಾವೇ ಮೊದಲಿಗರೇನೂ ಅಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 1922ರಲ್ಲಿ ಹಾರ್ಡಿಂಗ್ ಅಧ್ಯಕ್ಷರಾಗಿದ್ದಾಗ, ಆಲ್ಬರ್ಟ್ ಫಾಲ್ ಎಂಬವರು ಒಳನಾಡಿನ ಖಾತೆಯನ್ನು ನೋಡಿಕೊಳ್ಳುತ್ತಿದ್ದರು. ನೌಕಾದಳದ ಆಪತ್ಕಾಲಕ್ಕೆಂದು ನೆಲದಡಿಯಲ್ಲೇ ಕಾದಿರಿಸಿದ್ದ ತೈಲಪ್ರದೇಶಗಳನ್ನು ಅವರು ಹರಾಜಿಲ್ಲದೆ, ಸದ್ದಿಲ್ಲದೆ, ಇಬ್ಬರು ಧನಿಕರಿಗೆ ಗುತ್ತಿಗೆ ಕೊಟ್ಟುಬಿಟ್ಟರು. ವಯೋಮಿಂಗಿನ ಟೀಪಾಟ್ ಡೋಮ್ ಸಿಂಕ್ಲೇರ್ ಎಂಬಾತನಿಗೆ, ಕ್ಯಾಲಿಫೋರ್ನಿಯದ ಎಲ್ಕ್ ಹಿಲ್ಸ್ ಡೊಹೆನಿ ಎಂಬಾತನಿಗೆ. ಡೊಹೆನಿಯ ಮಗ ಒಂದು ಕಪ್ಪು ಚೀಲದಲ್ಲಿ ಒಂದು ಲಕ್ಷ ಡಾಲರು ನಗದನ್ನು ಫಾಲ್ ಅವರಿಗೆ ತಲಪಿಸಿದ್ದು ಆಮೇಲೆ ಹೊರಬಂತು. ಹೊರಬಂದ ಬಗೆ ನಮ್ಮ ಹಳ್ಳಿಗರಿಗೆ ಚೆನ್ನಾಗಿ ಅರ್ಥವಾಗುವಂಥದು. ವರ್ಷಗಟ್ಟಲೆ ಕಂದಾಯ ಬಾಕಿ ಉಳಿಸಿಕೊಂಡಿದ್ದ ಸಾಹೇಬರ ದನದ ಹಕ್ಕೆಯಲ್ಲಿ ಇದ್ದಕ್ಕಿದ್ದಂತೆ ಬಾಕಿಯೆಲ್ಲ ತೀರಿತು, ಹೊಸ ದನ ಬಂದವು, ಹೊಸ ಜಮೀನು ಸೇರಿತು. ಸೆನೆಟರ್ ವಾಲ್ಷ್ ಎಂಬ ಹಟವಾದಿ ಈ ಎಳೆಯನ್ನು ಹಿಡಿದು ಜಗ್ಗಿದರು. 1927ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಗುತ್ತಿಗೆಗಳನ್ನು ರದ್ದು ಮಾಡಿತು. 1929ರಲ್ಲಿ ಫಾಲ್ ಲಂಚ ತೆಗೆದುಕೊಂಡರೆಂದು ತೀರ್ಪಾಗಿ 1931ರಲ್ಲಿ ಅವರು ಸೆರೆಮನೆಗೆ ಹೋದರು. ಅದೇ ಲಂಚವನ್ನು ಕೊಟ್ಟ ಆರೋಪದಿಂದ ಡೊಹೆನಿ 1930ರಲ್ಲಿ ಬಿಡುಗಡೆಯಾದ! ತೆಗೆದುಕೊಂಡದ್ದು ನಿಜ, ಕೊಟ್ಟದ್ದು ಸುಳ್ಳು. ತರ್ಕಶಾಸ್ತ್ರದ ವಿದ್ಯಾರ್ಥಿಗಳು ಈ ಒಗಟನ್ನು ಬಿಡುವಿನಲ್ಲಿ ಬಿಡಿಸಲಿ.

ಅಮೆರಿಕದ ಮತದಾರರು ಸಿಟ್ಟಿಗೆದ್ದು ಆ ಪಕ್ಷವನ್ನು ಓಡಿಸಿದರೆಂದು ತಿಳಿಯಬಾರದು. ವಿಚಾರಣೆಯ ಗದ್ದಲದ ನಡುವೆಯೇ ನಡೆದ 1924ರ ಚುನಾವಣೆಯಲ್ಲಿ ಅದೇ ಪಕ್ಷದ ಕೂಲಿಜ್ ಭಾರಿ ಬಹುಮತದಿಂದ ಗೆದ್ದರು. ಆದರೆ ಒಂದು ಮಾತು ಉಂಟು. ಫಾಲ್ ಮತ್ತೆ ಅಧಿಕಾರದ ಹತ್ತಿರ ಸುಳಿಯಲಿಲ್ಲ. ಹಕ್ಕೆಯೂ ಕೈಬಿಟ್ಟಿತು. 1944ರಲ್ಲಿ ಸಾಯುವವರೆಗೆ ಅವರ ಹೆಸರಿನ ಜೊತೆ ಆ ಕಪ್ಪು ಚೀಲ ಇತ್ತು, ನಮ್ಮೂರಿನ ನಾಲ್ಕು ಕಾಯಿಗಳ ಹಾಗೆ.

ಈಗ ನಮ್ಮ ಕಡೆಗೆ ಬರೋಣ. ನಮ್ಮ ನಾಡಿನ ಟೀಪಾಟ್ ಡೋಮ್ ಬಳ್ಳಾರಿ. ಅಲ್ಲಿ ನೆಲದಡಿ ಇದ್ದುದು ಎಣ್ಣೆಯಲ್ಲ, ಕಬ್ಬಿಣದ ಅದಿರು. ಈ ಶತಮಾನದ ಮೊದಲ ದಶಕದಲ್ಲಿ ಚೀನಾದೇಶಕ್ಕೆ ಉಕ್ಕಿನ ಹಸಿವು ಹುಟ್ಟಿತು. ಅದಿರಿನ ಬೆಲೆ ಟನ್ನಿಗೆ ಸಾವಿರಾರು ರೂಪಾಯಿಗೆ ಏರಿತು. ಸರಕಾರಕ್ಕೆ ಸಲ್ಲುತ್ತಿದ್ದ ರಾಜಧನವಾದರೋ ಟನ್ನಿಗೆ 16 ರಿಂದ 27 ರೂಪಾಯಿ! 2009ರಲ್ಲಿ ಅದನ್ನು ಬೆಲೆಯ ಶೇಕಡಾ ಹತ್ತರ ಲೆಕ್ಕಕ್ಕೆ ಬದಲಾಯಿಸುವ ತನಕ ಈ ವಿನೋದ ನಡೆಯಿತು. ಕಾನೂನುಬದ್ಧವಾದ ಗಣಿಗಾರಿಕೆಯೇ ಇಷ್ಟು ಲಾಭದ್ದಾದರೆ, ಗುತ್ತಿಗೆಯ ಎಲ್ಲೆ ದಾಟಿ ಅರಣ್ಯದಲ್ಲಿ ಅಗೆದದ್ದು, ಒಂದು ಪರವಾನಗಿಯಲ್ಲಿ ಹಲವು ಲಾರಿ ಸಾಗಿಸಿದ್ದು, ಲಾರಿಗೆ ಹೇಳಿದ್ದಕ್ಕಿಂತ ಹೆಚ್ಚು ತುಂಬಿದ್ದು ಎಷ್ಟು ಲಾಭ ತಂದಿರಬೇಕು! ಆಂಧ್ರದ ಗಡಿಯಲ್ಲಿದ್ದ ಸುಗ್ಗಲಮ್ಮನ ಗುಡಿಯೇ 2006ರಲ್ಲಿ ನೆಲಸಮವಾಯಿತು. ದೇವರು ಅದಿರಿನ ಮೇಲೆ ಕುಳಿತಿದ್ದುದು ತಪ್ಪಾಯಿತು.

ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು 2008ರ ಡಿಸೆಂಬರಿನಲ್ಲಿ ಮೊದಲ ವರದಿಯನ್ನು, 2011ರ ಜುಲೈ 27ರಂದು ಎರಡನೆಯದನ್ನು ಕೊಟ್ಟರು. ಅರಣ್ಯಾಧಿಕಾರಿ ಯು. ವಿ. ಸಿಂಗ್ ಮತ್ತು ಅವರ ಸಂಗಡಿಗರು ಪರವಾನಗಿ, ತೂಕದ ಚೀಟಿ, ಬ್ಯಾಂಕಿನ ಲೆಕ್ಕಗಳನ್ನು ಕೂತು ಜೋಡಿಸಿದ ಕೆಲಸ ಅದು. 2006 ರಿಂದ 2010ರ ಅವಧಿಯಲ್ಲಿ ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಎಂದು ಆ ವರದಿ ಅಂದಾಜು ಮಾಡಿತು. ಬಳ್ಳಾರಿ ನಮಗೆ ದೂರವೆಂದು ಯಾರೂ ಸಮಾಧಾನ ಪಡಬೇಕಾಗಿಲ್ಲ. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದ ಒಂದು ತಿಂಗಳೊಳಗೆ, 2011ರ ಆಗಸ್ಟ್ 26ರಂದು, ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಗಣಿಗಳನ್ನೂ ನಿಲ್ಲಿಸಿತು. ತುಮಕೂರಿನ ಗಣಿಯೆಂದರೆ ನಮ್ಮ ಪಕ್ಕದ ಚಿಕ್ಕನಾಯಕನಹಳ್ಳಿ. ಅಲ್ಲಿಯ ಬೆಟ್ಟದ ಕೆಂಪು ಧೂಳು ತೆಂಗಿನ ಗರಿಯ ಮೇಲೆ ಕೂರುವುದನ್ನು ಕಾಣಲು ದುರ್ಬೀನು ಬೇಕಾಗಿರಲಿಲ್ಲ.

ಇನ್ನು ಮಾನದ ಮಾತು. ವರದಿ ಬಂದ ನಾಲ್ಕನೆಯ ದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಅದೇ ಅಕ್ಟೋಬರಿನಲ್ಲಿ ಬೇರೊಂದು ಭೂಮಿಯ ಮೊಕದ್ದಮೆಯಲ್ಲಿ ಬಂಧನಕ್ಕೂ ಒಳಗಾದರು. ತಮ್ಮದೇ ಪಕ್ಷ ಕಟ್ಟಿದರು, 2013ರಲ್ಲಿ ಆ ಪಕ್ಷ ಸೋತಿತು, ಹಳೆಯ ಪಕ್ಷಕ್ಕೆ ಮರಳಿದರು. ಗಣಿ ಕಂಪನಿಯಿಂದ ಟ್ರಸ್ಟಿಗೆ ಬಂದ ಹಣದ ಮೊಕದ್ದಮೆಯಲ್ಲಿ 2016ರ ಅಕ್ಟೋಬರಿನಲ್ಲಿ ವಿಶೇಷ ನ್ಯಾಯಾಲಯ ಅವರನ್ನು ನಿರ್ದೋಷಿಯೆಂದಿತು. 2019ರಲ್ಲಿ ಮತ್ತೆ ಮುಖ್ಯಮಂತ್ರಿಗಳಾದರು. ನ್ಯಾಯಾಲಯ ನಿರ್ದೋಷಿಯೆಂದ ಮೇಲೆ ಅವರನ್ನು ದೋಷಿಯೆಂದು ಕರೆಯುವ ಅಧಿಕಾರ ನಮಗಿಲ್ಲ, ಕರೆಯಲೂ ಕೂಡದು.

ಓಬಳಾಪುರಂ ಗಣಿ ಕಂಪನಿಯ ಜನಾರ್ದನ ರೆಡ್ಡಿಯವರ ಕಥೆ ಬೇರೆ. 2008ರಲ್ಲಿ ಮಂತ್ರಿಯಾದರು, 2009ರಲ್ಲಿ ತಿರುಪತಿಯ ದೇವರಿಗೆ ನಲವತ್ತು ಕೋಟಿಗೂ ಮೀರಿದ ವಜ್ರದ ಕಿರೀಟ ಅರ್ಪಿಸಿದರು, 2011ರ ಸೆಪ್ಟೆಂಬರಿನಲ್ಲಿ ಬಂಧಿತರಾಗಿ ಮೂರು ವರ್ಷಕ್ಕೂ ಮೇಲೆ ಸೆರೆಯಲ್ಲಿದ್ದರು. 2022ರ ಕೊನೆಯಲ್ಲಿ ಹೊಸ ಪಕ್ಷ ಹುಟ್ಟಿಸಿ, 2023ರಲ್ಲಿ ಗಂಗಾವತಿಯಿಂದ ಶಾಸನಸಭೆಗೆ ಆರಿಸಿಬಂದರು. 2025ರ ಮೇ 6ರಂದು ಹೈದರಾಬಾದಿನ ಸಿ.ಬಿ.ಐ. ನ್ಯಾಯಾಲಯ ಅವರನ್ನು ದೋಷಿಯೆಂದು ಏಳು ವರ್ಷಗಳ ಶಿಕ್ಷೆ ವಿಧಿಸಿತು. ಮರುತಿಂಗಳು ತೆಲಂಗಾಣದ ಹೈಕೋರ್ಟು ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಮೊಕದ್ದಮೆ ದಾಖಲಾದದ್ದು 2009ರಲ್ಲಿ! ಕೇಸು ಹಾಕಿದ ವರ್ಷ ಹುಟ್ಟಿದ ಮಗು ತೀರ್ಪಿನ ಹೊತ್ತಿಗೆ ಪ್ರೌಢಶಾಲೆಯ ಕೊನೆಗೆ ಬಂದಿರುತ್ತದೆ.

ಹಗರಣ ಕೆಲವರಿಗೆ ಜಾರುಬಂಡೆಯಾದರೆ ಕೆಲವರಿಗೆ ಏಣಿಯಾಗುತ್ತದೆಂಬುದನ್ನೂ ಹೇಳದೆ ಬಿಡಬಾರದು. 2010ರಲ್ಲಿ ಸಿದ್ದರಾಮಯ್ಯನವರು ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ನಡೆದರು, 2013ರಲ್ಲಿ ಮುಖ್ಯಮಂತ್ರಿಗಳಾದರು. ನಡೆದದ್ದು ಒಳ್ಳೆಯದೇ. ಆದರೆ ಅವರ ಸರಕಾರವೇ 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳವೆಂಬ ಹೊಸದೊಂದನ್ನು ಸ್ಥಾಪಿಸಿ, ಯಾವ ಲೋಕಾಯುಕ್ತದ ವರದಿ ಹಿಡಿದು ಹೋರಾಟ ಬೆಳೆದಿತ್ತೋ ಅದರ ಹಲ್ಲು ಕಿತ್ತಿತು. 2022ರ ಆಗಸ್ಟಿನಲ್ಲಿ ಹೈಕೋರ್ಟು ಆ ದಳವನ್ನು ರದ್ದು ಮಾಡಬೇಕಾಯಿತು. ಏಣಿ ಹತ್ತಿದವರು ಮೊದಲು ಮಾಡುವ ಕೆಲಸ ಏಣಿಯನ್ನು ಒಳಗೆಳೆದುಕೊಳ್ಳುವುದು.

ನ್ಯಾಯಾಲಯ ತೀರ್ಮಾನಿಸುವವರೆಗೆ ಯಾರನ್ನೂ ದೂರಬಾರದೆಂದು ವಾದಿಸುವ ಮಿತ್ರರಿದ್ದಾರೆ. ಸೆರೆಗೆ ಕಳಿಸುವ ವಿಷಯದಲ್ಲಿ ಈ ವಾದ ನೂರಕ್ಕೆ ನೂರು ಸರಿ. ಆದರೆ ವಿಶ್ವಾಸ ಇಡುವುದು ಬೇರೆ ಸಂಗತಿ. ತೋಟಕ್ಕೆ ಕಾವಲಿನಾಳನ್ನು ನೇಮಿಸುವಾಗ ಅವನ ಮೇಲೆ ತೀರ್ಪು ಆಗಿದೆಯೇ, ಮೇಲ್ಮನವಿ ಉಳಿದಿದೆಯೇ ಎಂದು ನಾವು ಕೇಳುತ್ತೇವೆಯೇ? ಸಂಶಯವಿದ್ದರೆ ಬೇರೊಬ್ಬನನ್ನು ನೋಡುತ್ತೇವೆ, ಅಷ್ಟೆ. ಶಾಸಕನ ಸ್ಥಾನ ಕಾವಲಿನ ಕೆಲಸವೇ ಹೊರತು ಯಾರ ಹುಟ್ಟುಹಕ್ಕೂ ಅಲ್ಲ.

ಹಾಗಾದರೆ ನಾಲ್ಕು ಕಾಯಿಯನ್ನು ಮರೆಯದ ಜನ ಬೆಟ್ಟವನ್ನು ಏಕೆ ಮರೆಯುತ್ತಾರೆ? ನಮ್ಮ ಜನರಿಗೆ ನೀತಿ ಇಲ್ಲವೆಂಬ ಉತ್ತರವನ್ನು ಪಟ್ಟಣದ ವಿದ್ವಾಂಸರು ಬಹು ಬೇಗ ಕೊಡುತ್ತಾರೆ. ನಾನು ಒಪ್ಪಲಾರೆ. ನೀತಿ ಹೆಚ್ಚೇ ಆಯಿತೆಂದು ಮೊದಲೇ ಹೇಳಿದೆನಷ್ಟೆ. ನನಗೆ ತೋರುವ ಕಾರಣ ಬೇರೆ: ಕಾಯಿಗೆ ಒಡೆಯನಿದ್ದಾನೆ, ಅವನು ಎಣಿಸಿಟ್ಟಿರುತ್ತಾನೆ. ಬೆಟ್ಟಕ್ಕೆ ಒಡೆಯನಿಲ್ಲವೆಂದು ನಾವು ತಿಳಿದಿದ್ದೇವೆ. 16,085 ಕೋಟಿ ಎಂಬ ಸಂಖ್ಯೆಯನ್ನು ಓದಿದರೆ ಯಾರ ಹೊಟ್ಟೆಯೂ ಉರಿಯುವುದಿಲ್ಲ, ಅದು ಖಗೋಳಶಾಸ್ತ್ರದ ಸಂಖ್ಯೆಯ ಹಾಗೆ ಕಾಣುತ್ತದೆ. ಅದನ್ನು ಒಡೆದು ನೋಡೋಣ.

2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ ಸುಮಾರು 6 ಕೋಟಿ 11 ಲಕ್ಷ. ಭಾಗಿಸಿದರೆ ತಲೆಗೆ 2,630 ರೂಪಾಯಿಯ ಮೇಲೆ ಬರುತ್ತದೆ. ಐದು ಜನರ ಸಂಸಾರಕ್ಕೆ 13,000 ದಾಟುತ್ತದೆ. 2024ರ ಹಂಗಾಮಿನಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 12,000, ರಾಜ್ಯದ ಪ್ರೋತ್ಸಾಹಧನ 1,500, ಒಟ್ಟು 13,500 ರೂಪಾಯಿ ಇತ್ತು. ಎಂದರೆ ಮನೆಗೆ ಹತ್ತಿರ ಹತ್ತಿರ ಒಂದು ಕ್ವಿಂಟಲ್ ಕೊಬ್ಬರಿ. 2011ರ ಬೆಂಬಲ ಬೆಲೆ ಇದರ ಅರ್ಧಕ್ಕಿಂತಲೂ ಕಡಿಮೆ. ಆಗಿನ ಲೆಕ್ಕಕ್ಕೆ ಎರಡು ಕ್ವಿಂಟಲಿಗೂ ಹೆಚ್ಚು. ವರ್ಷವಿಡೀ ಅಟ್ಟದ ಮೇಲೆ ಕಾಯಿ ಒಣಗಿಸಿ, ಮಳೆಗೆ ಹೆದರಿ, ಇಲಿಗೆ ಹೆದರಿ, ಒಡೆದಾಗ ಕೌಟು ಬಂದೀತೇ ಎಂದು ಹೆದರಿ, ಸುಲಿದು ತಿಪಟೂರಿನ ಮಾರುಕಟ್ಟೆಗೆ ಸಾಗಿಸುವವನಿಗೆ ಎರಡು ಕ್ವಿಂಟಲ್ ಎಂದರೇನೆಂದು ನಾನು ಹೇಳಬೇಕಾದ್ದಿಲ್ಲ. ಯಾರಾದರೂ ಹೆಂಚು ತೆಗೆದು ಅಟ್ಟಕ್ಕಿಳಿದು ಅಷ್ಟನ್ನು ಹೊತ್ತೊಯ್ದಿದ್ದರೆ ಊರಿಗೆ ಊರೇ ದೊಣ್ಣೆ ಹಿಡಿದು ಎದ್ದಿರುತ್ತಿತ್ತು. ಅಟ್ಟಕ್ಕಿಳಿಯಲಿಲ್ಲ, ಬೆಟ್ಟಕ್ಕೆ ಹತ್ತಿದರು. ಆದ್ದರಿಂದ ನಾವು ನಿದ್ದೆ ಮಾಡಿದೆವು.

ಕೊಬ್ಬರಿಯ ಮಾತು ಬಂದಾಗ ನಾವು ನಿದ್ದೆ ಮಾಡುವವರಲ್ಲವೆಂಬುದಕ್ಕೂ ಸಾಕ್ಷಿಯುಂಟು. 2024ರ ಮೊದಲಲ್ಲಿ ನಾಫೆಡ್ ಖರೀದಿಗೆ ರೈತರ ನೋಂದಣಿ ನಡೆದಾಗ ಕೆಲವೇ ದಿನಗಳಲ್ಲಿ ಕೋಟಾ ಮುಗಿಯಿತೆಂದರು. ಅಕ್ರಮ ನಡೆದಿದೆಯೆಂದು ತೆಂಗಿನ ಸೀಮೆಯ ರೈತರು ಕೂಗೆಬ್ಬಿಸಿದರು. ನೋಂದಣಿ ರದ್ದಾಗಿ ಹೊಸದಾಗಿ ನಡೆಯಬೇಕಾಯಿತು. ಪ್ರತಿಯೊಬ್ಬನಿಗೂ ತನ್ನ ಚೀಲ ಎಷ್ಟೆಂಬುದು ಗೊತ್ತಿತ್ತು, ಅಷ್ಟೆ.

ಬೆಟ್ಟದ ಚೀಲವೂ ಈಗ ಗೊತ್ತಾಗಬಹುದಾದ ಸ್ಥಿತಿ ಬಂದಿದೆ. ಗಣಿ ಕಂಪನಿಗಳಿಂದ ವಸೂಲಾದ ಹಣದಲ್ಲಿ ಗಣಿಬಾಧಿತ ಪ್ರದೇಶಗಳನ್ನು ಸರಿಪಡಿಸಲು ಪ್ರತ್ಯೇಕ ನಿಗಮವನ್ನೇ ಮಾಡಲಾಗಿದೆ. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ ಸುಮಾರು 24,996 ಕೋಟಿ ರೂಪಾಯಿಯ ಯೋಜನೆಗೆ ಸುಪ್ರೀಂ ಕೋರ್ಟು 2022ರ ಏಪ್ರಿಲಿನಲ್ಲಿ ಸಮ್ಮತಿ ಕೊಟ್ಟು, ಉಸ್ತುವಾರಿಗೆ ನಿವೃತ್ತ ನ್ಯಾಯಮೂರ್ತಿ ಸುದರ್ಶನ ರೆಡ್ಡಿಯವರನ್ನು ನೇಮಿಸಿತು. ಕುಡಿಯುವ ನೀರು, ರಸ್ತೆ, ಶಾಲೆ, ಆಸ್ಪತ್ರೆ ಎಲ್ಲವೂ ಅದರಲ್ಲಿ ಬರುತ್ತವೆ. ಲೋಕಾಯುಕ್ತರು ಹೇಳಿದ ನಷ್ಟಕ್ಕಿಂತಲೂ ದೊಡ್ಡ ಮೊತ್ತ ಇದು. ಇಷ್ಟು ದೊಡ್ಡ ಹಣ ಒಂದೆಡೆ ಸೇರಿದಾಗ ಅದರ ಸುತ್ತ ಎಂಥವರು ಸೇರುತ್ತಾರೆಂಬುದನ್ನು ಮೇಲಿನ ಚರಿತ್ರೆಯನ್ನು ಓದಿದವರು ಊಹಿಸಬಲ್ಲರು.

ನಮ್ಮ ಕಾಲೇಜಿನಲ್ಲಿ ಚಿಕ್ಕನಾಯಕನಹಳ್ಳಿಯ ಕಡೆಯಿಂದ ಬರುವ ವಿದ್ಯಾರ್ಥಿಗಳು ಕಡಿಮೆಯೇನಿಲ್ಲ. ತಮ್ಮ ಪಂಚಾಯತಿಗೆ ಈ ಹಣದಲ್ಲಿ ಏನು ಬಂತು, ಯಾವ ಕಾಮಗಾರಿಗೆ ಎಷ್ಟು ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವುದಕ್ಕೆ ಪದವಿ ಬೇಕಿಲ್ಲ. ಬಾಯಿಮಾತಿಗೆ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಿದೆ. ಅರ್ಜಿಯ ಶುಲ್ಕ ಹತ್ತು ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, ನೂರೈವತ್ತು ಪದ ಮೀರಬಾರದೆಂದು ನಮ್ಮ ರಾಜ್ಯದ ನಿಯಮ. ಪರೀಕ್ಷೆಯಲ್ಲಿ ಕೇಳದ ಪ್ರಶ್ನೆಗೂ ನಾಲ್ಕು ಪುಟ ಬರೆಯುವ ನಮ್ಮವರಿಗೆ ಕಷ್ಟವಾಗುವುದಾದರೆ ಈ ಪದಗಳ ಮಿತಿಯೊಂದೇ.