ಎರಡು ಸೆನ್ಸರ್‌ಗಳನ್ನು ಹೋಲಿಸುವ ಬಗೆ

2012ರ ಆರಂಭದಲ್ಲಿ ನಿಕಾನ್ ಕಂಪನಿ ಒಂದರ ಹಿಂದೊಂದು ಎರಡು ಕ್ಯಾಮೆರಾಗಳನ್ನು ಹೊರತಂದಿತು. ಡಿ4ರ ಸೆನ್ಸರ್‌ನಲ್ಲಿ, ಅಂದರೆ ಬೆಳಕು ಹಿಡಿಯುವ ಚಿಪ್‌ನಲ್ಲಿ, 16 ಮೆಗಾಪಿಕ್ಸೆಲ್, ಡಿ800ರಲ್ಲಿ 36. ಎರಡೂ ಫುಲ್ ಫ್ರೇಮ್. ಅಂದರೆ ಹಳೆಯ ಫಿಲ್ಮ್ ರೋಲಿನ ಒಂದು ಚೌಕಟ್ಟಿನಷ್ಟು, ಸುಮಾರು 36×24 ಮಿಲಿಮೀಟರ್. ಅಷ್ಟೇ ಜಾಗದಲ್ಲಿ ಇಮ್ಮಡಿಗೂ ಹೆಚ್ಚು ಪಿಕ್ಸೆಲ್ ತುರುಕಿದರೆ ಒಂದೊಂದೂ ಕಿರಿದಾಗಿ, ಮಬ್ಬು ಬೆಳಕಿನಲ್ಲಿ ಚಿತ್ರ ಕೆಡುತ್ತದೆ ಎಂದು ನಂಬಿದವರು ಬಹಳ. ಕ್ಯಾಮೆರಾ ಕೊಳ್ಳುವವರಿಗೆ ಇವತ್ತಿಗೂ ಈ ಮಾತು ಹೇಳಲಾಗುತ್ತದೆ.

ಫ್ರಾನ್ಸಿನ ಡಿಎಕ್ಸ್‌ಒ ಸಂಸ್ಥೆ ಎರಡನ್ನೂ ಅಳೆಯಿತು. ಗುಣಮಟ್ಟ ಒಂದು ಗೊತ್ತಾದ ಮಟ್ಟಕ್ಕಿಂತ ಇಳಿಯದಂತೆ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಮಟ್ಟ, ಎಷ್ಟರವರೆಗೆ ಏರಿಸಬಹುದು ಎಂಬ ಲೆಕ್ಕದಲ್ಲಿ ಡಿ4ಕ್ಕೆ 2965, ಡಿ800ಕ್ಕೆ 2853 ಬಂತು. ಕಣ್ಣಿಗೆ ಗೊತ್ತಾಗುವ ಅಂತರವೇ ಅಲ್ಲ. ಬಿಸಿಲನ್ನೂ ನೆರಳನ್ನೂ ಒಂದೇ ಚಿತ್ರದಲ್ಲಿ ಹಿಡಿಯುವ ಶಕ್ತಿಯಲ್ಲಿ, ಅಂದರೆ ಡೈನಮಿಕ್ ರೇಂಜ್‌ನಲ್ಲಿ, ಡಿ800 ಮುಂದಿತ್ತು: 14.4 ಸ್ಟಾಪ್, ಡಿ4ರದು 13.1. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾದಂತೆ. ಹಾಗಾಗಿ ಇದು ಸಣ್ಣ ವ್ಯತ್ಯಾಸವಲ್ಲ. ಡಿ800ರ ಬೆಲೆಯೋ, ಡಿ4ರ ಅರ್ಧದಷ್ಟಿತ್ತು.

ಹೀಗೇಕಾಯಿತು? ಬೆಳಕು ಫೋಟಾನ್ ಎಂಬ ಬಿಡಿ ಕಣಗಳಾಗಿ, ಒಂದು ಕ್ರಮವಿಲ್ಲದೆ ಬಂದು ಬೀಳುತ್ತದೆ. ಒಂದು ಜಾಗಕ್ಕೆ ಸರಾಸರಿ 100 ಫೋಟಾನ್ ಬಿದ್ದರೆ ಏರಿಳಿತ ಸುಮಾರು 10, ಅಂದರೆ ಶೇ 10. ಅದೇ 10,000 ಬಿದ್ದರೆ ಏರಿಳಿತ 100, ಶೇ 1 ಮಾತ್ರ. ಕತ್ತಲ ಚಿತ್ರಗಳಲ್ಲಿ ಕಾಣುವ ಮರಳು ಮರಳಾದ ಕಲೆ, ಫೋಟೋಗ್ರಾಫರುಗಳು ನಾಯ್ಸ್ ಎನ್ನುವುದು, ಬಹುಪಾಲು ಇದೇ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇಡೀ ಚಿತ್ರಕ್ಕೆ ಒಟ್ಟು ಎಷ್ಟು ಬೆಳಕು ಸಿಕ್ಕಿತು ಎಂಬುದು. ಒಂದು ಎಕರೆ ಹೊಲವನ್ನು ಹತ್ತು ಮಡಿ ಮಾಡಿ, ನೂರು ಮಡಿ ಮಾಡಿ, ಮೇಲೆ ಬೀಳುವ ಮಳೆ ಅಷ್ಟೇ. ಬದುಗಳು ನುಂಗುವ ಜಾಗ ಮಾತ್ರ ನಷ್ಟ. ಸೆನ್ಸರ್‌ನಲ್ಲಿ ಆ ಬದುಗಳೆಂದರೆ ತಂತಿ ಮತ್ತು ಟ್ರಾನ್ಸಿಸ್ಟರ್‌ಗಳು. ಪಿಕ್ಸೆಲ್ ಮೇಲೆ ಕೂರಿಸುವ ಪುಟಾಣಿ ಲೆನ್ಸ್‌ಗಳೂ, ತಂತಿಗಳನ್ನು ಬೆಳಕು ಬೀಳುವ ಮುಖದಿಂದ ಹಿಂಬದಿಗೆ ಸರಿಸಿದ ವಿನ್ಯಾಸವೂ ಆ ನಷ್ಟವನ್ನು ಬಹಳಷ್ಟು ತಗ್ಗಿಸಿವೆ.

ಹೀಗಿದ್ದೂ ಜನ ಮೋಸಹೋಗುವುದು ಕಂಪ್ಯೂಟರ್ ಪರದೆಯ ಮುಂದೆ. ಎರಡೂ ಫೈಲುಗಳನ್ನು ಶೇ 100ಕ್ಕೆ ಹಿಗ್ಗಿಸಿ ಅಕ್ಕಪಕ್ಕ ಇಡುತ್ತಾರೆ. ಆಗ 36 ಮೆಗಾಪಿಕ್ಸೆಲ್ ಚಿತ್ರದ ಒಂದು ಸಣ್ಣ ಮೂಲೆಯನ್ನು 16 ಮೆಗಾಪಿಕ್ಸೆಲ್ ಚಿತ್ರದ ದೊಡ್ಡ ತುಣುಕಿನ ಜೊತೆ ಹೋಲಿಸಿದಂತಾಯಿತು. ಇದು ನ್ಯಾಯವಲ್ಲ. ಎರಡನ್ನೂ ಒಂದೇ ಅಳತೆಗೆ ತಂದು ನೋಡಬೇಕು. ಡಿಎಕ್ಸ್‌ಒ ತನ್ನ ಅಂಕಗಳಿಗೆ ಎಲ್ಲ ಚಿತ್ರಗಳನ್ನೂ 8 ಮೆಗಾಪಿಕ್ಸೆಲ್‌ಗೆ ಸಮ ಮಾಡುವುದು ಇದಕ್ಕೇ. ಜೊತೆಗೆ ರಾ ಫೈಲನ್ನೇ, ಅಂದರೆ ಸೆನ್ಸರ್ ಕೊಟ್ಟ ಕಚ್ಚಾ ದತ್ತಾಂಶವನ್ನೇ, ಹೋಲಿಸಬೇಕು. ಜೆಪೆಗ್‌ನಲ್ಲಿ ಕ್ಯಾಮೆರಾ ತಾನೇ ನಾಯ್ಸ್ ಅಳಿಸಿ, ಅದರೊಂದಿಗೆ ಕೂದಲಿನ, ಗರಿಯ ನವಿರು ಗೆರೆಗಳನ್ನೂ ಅಳಿಸಿರುತ್ತದೆ. ಅಲ್ಲಿ ಕಾಣುವುದು ಸೆನ್ಸರ್‌ನ ಗುಣವಷ್ಟೇ ಅಲ್ಲ, ಸಾಫ್ಟ್‌ವೇರ್‌ನ ಕೈವಾಡವೂ ಹೌದು.

ಡಿ4ಕ್ಕೆ ದುಡ್ಡು ಕೊಟ್ಟವರು ದಡ್ಡರೇನಲ್ಲ. ಅದು ಸೆಕೆಂಡಿಗೆ 10 ಚಿತ್ರ ತೆಗೆಯುತ್ತಿತ್ತು, ಡಿ800 ತೆಗೆಯುತ್ತಿದ್ದುದು 4. ಕ್ರೀಡಾಂಗಣದಲ್ಲಿ ನಿಂತವರಿಗೆ ಅದೇ ಮುಖ್ಯ, ಡಿಎಕ್ಸ್‌ಒದ ಸೆನ್ಸರ್ ಅಂಕಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಲೆನ್ಸ್‌ಗೂ ಅಲ್ಲಿ ಜಾಗವಿಲ್ಲ, ಮತ್ತು ನನ್ನ ದೃಷ್ಟಿಯಲ್ಲಿ ಸಾಮಾನ್ಯ ಕೊಳ್ಳುಗರು ಮೊದಲು ನೋಡಬೇಕಾದ್ದು ಅದನ್ನೇ. ಅದೇ 2012ರಲ್ಲಿ ಬಂದ ಸೋನಿಯ ಜೇಬುಗಾತ್ರದ ಆರ್‌ಎಕ್ಸ್100ನ ಸೆನ್ಸರ್ 13.2×8.8 ಮಿಲಿಮೀಟರ್. ಆಗ ಹೊಸಬರು ಕೊಳ್ಳುತ್ತಿದ್ದ, ಲೆನ್ಸ್ ಬದಲಿಸಬಹುದಾದ ಡಿಎಸ್‌ಎಲ್‌ಆರ್‌ಗಳ ಎಪಿಎಸ್-ಸಿ ಸೆನ್ಸರ್ ಇದರ ಮೂರರಷ್ಟು ವಿಶಾಲ. ಆದರೆ ವಿಶಾಲ ಕೋನದಲ್ಲಿ ಆರ್‌ಎಕ್ಸ್100ನ ಲೆನ್ಸ್ ಎಫ್/1.8ವರೆಗೆ ತೆರೆದರೆ, ಡಿಎಸ್‌ಎಲ್‌ಆರ್ ಜೊತೆ ಬರುತ್ತಿದ್ದ 18–55 ಮಿಲಿಮೀಟರ್ ಲೆನ್ಸ್ ತೆರೆಯುವುದು ಎಫ್/3.5ರವರೆಗೆ; ಈ ಸಂಖ್ಯೆ ಕಡಿಮೆಯಿದ್ದಷ್ಟೂ ಬೆಳಕು ಹೆಚ್ಚು. ಲೆಕ್ಕ ಹಾಕಿದರೆ ಎರಡಕ್ಕೂ ಸಿಗುವ ಒಟ್ಟು ಬೆಳಕು ಹೆಚ್ಚುಕಡಿಮೆ ಸಮ. ಚಿಕ್ಕದೇ ತುಸು ಮುಂದು. ಜೂಮ್ ಮಾಡುತ್ತ ಹೋದಂತೆ ಅದರ ಲೆನ್ಸ್ ಎಫ್/4.9ಕ್ಕೆ ಕಿರಿದಾಗಿ, ದೊಡ್ಡ ಸೆನ್ಸರ್ ಮೇಲುಗೈ ಸಾಧಿಸುತ್ತದೆ. ಅದೇ ಡಿಎಸ್‌ಎಲ್‌ಆರ್‌ಗೆ ಎಫ್/1.8ರ ಒಂದು ಸಾದಾ ಲೆನ್ಸ್ ಹಾಕಿದರೆ, ಬಾಡಿ ಬದಲಿಸದೆಯೇ, ಎಫ್/3.5ಕ್ಕೆ ಹೋಲಿಸಿದರೆ ಸುಮಾರು ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ.