ಬೇಲಿ ದಾಟಿ ಬರುವ ಸಪ್ಪಳ

ಕಳೆದ ಸಂಚಿಕೆಯಲ್ಲಿ ಮಳೆಗಾಲದ ಸಸಿಗಳ ವಿಷಯ ಬರೆದಿದ್ದೆನಷ್ಟೆ? ಅದನ್ನೋದಿ ಕೋಥರೂಡದ ಸೋದರಿಯೊಬ್ಬರು ಕೇಳಿದ್ದಾರೆ: “ಸಸಿಗಳೇನೋ ಚೆನ್ನಾಗಿ ಚಿಗಿತಿವೆ. ಆದರೆ ಪಕ್ಕದ ಮನೆಯವರ ಗದ್ದಲದಲ್ಲಿ ಅವುಗಳ ನಡುವೆ ಹತ್ತು ನಿಮಿಷ ಕೂಡ್ರುವಂತಿಲ್ಲ. ಸಪ್ಪಳ ತಡೆಯುವ ಗಿಡ ಯಾವುದಾದರೂ ಇದೆಯೇ?”

ಇಲ್ಲ, ತಂಗಿ. ಅಂಥ ಗಿಡವನ್ನು ಹುಡುಕುತ್ತ ನಾನೇ ಎರಡು ವರ್ಷ ಕಳೆದಿದ್ದೇನೆ. ಆ ಕಥೆಯನ್ನೇ ಈ ಸಲ ಹೇಳಿಬಿಡುತ್ತೇನೆ.

ಪುಣೆಯ ಹಳೆಯ ಬಂಗಲೆಗಳು ಒಂದೊಂದಾಗಿ ಉರುಳಿ, ಆ ಜಾಗದಲ್ಲಿ ಅಂತಸ್ತಿನ ಮನೆಗಳು ಏಳುತ್ತಿರುವದನ್ನು ನೀವೆಲ್ಲ ಕಂಡಿದ್ದೀರಿ. ಏರಂಡವಣೆಯ ನಮ್ಮ ಓಣಿಯಲ್ಲಿಯೂ ಹಾಗೆಯೇ ಆಯಿತು. ನಮ್ಮದು ನೆಲಮಹಡಿಯ ಮನೆ. ಹಿತ್ತಿಲಲ್ಲಿ ಅಂಗೈಯಗಲದ ತೋಟ: ಒಂದು ಪಾರಿಜಾತ, ಎರಡು ದಾಸವಾಳ, ಕರಿಬೇವು, ಧಾರವಾಡದಿಂದ ಬೇರುಸಹಿತ ತಂದ ಮಲ್ಲಿಗೆ. ತೊಂಬತ್ತರ ಹತ್ತಿರ ಬಂದ ನಮ್ಮ ಮಾವನವರಿಗೆ ಅದೇ ಲೋಕ. ಸಂಜೆ ಐದಕ್ಕೆ ಬೆತ್ತದ ಕುರ್ಚಿಯಲ್ಲಿ ಕುಳಿತರೆ ದೇವರ ಮುಂದೆ ದೀಪ ಹಚ್ಚುವವರೆಗೆ ಏಳುತ್ತಿರಲಿಲ್ಲ.

ಪಕ್ಕದ ಕಟ್ಟಡದ ಮೊದಲನೆಯ ಮಹಡಿಗೆ ಹೊಸ ಸಂಸಾರ ಬಂತು. ಅವರೊಡನೆ ಆಳೆತ್ತರದ ಎರಡು ಧ್ವನಿಪೆಟ್ಟಿಗೆಗಳೂ ಬಂದು ಬಾಲ್ಕನಿಯಲ್ಲಿ ನಿಂತವು. ದಿನವೂ ಸಂಜೆ ಹಾಡು, ಕ್ರಿಕೆಟ್ಟು, ಗೆಳೆಯರ ಕೇಕೆ. ಮಾವನವರು ಕಿವಿಗೆ ಯಂತ್ರ ಹಾಕಿಕೊಳ್ಳುವವರು. ಆ ಯಂತ್ರ ಮಾತನ್ನೂ ಗದ್ದಲವನ್ನೂ ಒಟ್ಟಿಗೇ ದೊಡ್ಡದು ಮಾಡುತ್ತದೆ. ಮೊದಲು ಅವರು ಯಂತ್ರ ತೆಗೆದಿಟ್ಟು ಕುಳಿತರು. ಆಗ ನಮ್ಮ ಮಾತೂ ಕೇಳದಾಯಿತು. ಆಮೇಲೆ ತೋಟಕ್ಕೆ ಬರುವದನ್ನೇ ಬಿಟ್ಟರು. ಖಾಲಿ ಕುರ್ಚಿಯ ಮೇಲೆ ಪಾರಿಜಾತದ ಎಲೆ ಉದುರುವದನ್ನು ಕಂಡು ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು.

ನಾನು ಮೊದಲು ಮಾಡಿದ್ದು, ಬೇಲಿಗುಂಟ ಮಧುಮಾಲತಿ ಹಬ್ಬಿಸಿದ್ದು. ಬಳ್ಳಿ ಸೊಂಪಾಗಿ ಬೆಳೆಯಿತು. ಸಪ್ಪಳ ಒಂದಿಷ್ಟೂ ಕಡಿಮೆಯಾಗಲಿಲ್ಲ. ಎಲೆಗಳ ಸಂದಿನಿಂದ ಗಾಳಿ ಬರುವಂತೆ ಸಪ್ಪಳವೂ ಬರುತ್ತದೆ. ಸಪ್ಪಳ ಎದ್ದು ಕಾಣುವಂತೆ ಇಳಿಯಬೇಕಾದರೆ ಹತ್ತಾರು ಮೀಟರು ಅಗಲದ ದಟ್ಟ ತೋಪು ಬೇಕು. ಸಂದಿಲ್ಲದ ಗೋಡೆಯಾದರೆ ತಡೆದೀತು. ಅದೂ ಸಪ್ಪಳದ ಮೂಲವು ನಮ್ಮ ಕಣ್ಣಿಗೆ ಮರೆಯಾಗುವಷ್ಟು ಎತ್ತರವಿದ್ದರೆ ಮಾತ್ರ. ಮಹಡಿಯ ಮೇಲಿಂದ ಬರುವದಕ್ಕೆ ನಮ್ಮ ಕಂಪೌಂಡಿನ ಗೋಡೆ ಏನು ಮಾಡೀತು?

ಆಮೇಲೆ ಕಾಯದೆಯ ಮೊರೆ ಹೊಕ್ಕೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಮೇರೆಗೆ ವಸತಿಯ ಭಾಗದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿ. ಖಾಸಗಿ ಜಾಗದ ಧ್ವನಿಯಂತ್ರದ ಸಪ್ಪಳವು ಆ ಜಾಗದ ಎಲ್ಲೆಯಲ್ಲಿ ಈ ಮಿತಿಯನ್ನು 5 ಡೆಸಿಬೆಲಿಗಿಂತ ಹೆಚ್ಚು ಮೀರಕೂಡದು. ಬಲವಂತದ ಸಪ್ಪಳವಿಲ್ಲದೆ ನೆಮ್ಮದಿಯಿಂದಿರುವದು ಜೀವಿಸುವ ಹಕ್ಕಿನೊಳಗೇ ಸೇರಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2005ರ ಜುಲೈಯಲ್ಲಿ ತೀರ್ಪು ಕೊಟ್ಟಿದೆ. ಇದನ್ನೆಲ್ಲ ಕಾಗದದ ಮೇಲೆ ಬರೆದುಕೊಂಡು, ಒಂದು ರವಿವಾರ ಹಾಡು ಭರದಲ್ಲಿದ್ದಾಗಲೇ ಮಹಡಿ ಹತ್ತಿದೆ. ಅತಿಥಿಗಳ ಎದುರಿಗೆ ಓದಿದೆ. ಫಲ? ಮರುದಿನ ಸಪ್ಪಳ ಇಮ್ಮಡಿಯಾಯಿತು.

ಎರಡು ವಾರ ಮುಖ ನೋಡಲಿಲ್ಲ. ಒಂದು ಮುಂಜಾನೆ ನಾನು ಪಾರಿಜಾತದ ಹೂ ಆರಿಸುತ್ತಿದ್ದಾಗ ಆ ಮನೆಯಾಕೆ ಮೇಲಿನಿಂದ ಬಗ್ಗಿ, “ಕಾಕೂ, ಒಂದು ಮಾತು ಕೇಳಲೇ?” ಎಂದಳು. “ನಿಮ್ಮ ಪಂಪು ದಿನಾ ಬೆಳಗಿನ ಐದಕ್ಕೆ ನಮ್ಮ ಕಿಟಕಿಯ ಕೆಳಗೇ ಗುಡುಗುತ್ತದೆ. ನನ್ನ ಮಗ ಹಿಂಜವಡಿಯಲ್ಲಿ ರಾತ್ರಿಪಾಳಿ ಮಾಡಿ ನಾಲ್ಕಕ್ಕೆ ಬಂದು ಮಲಗುತ್ತಾನೆ. ವರ್ಷವಾಯಿತು, ಅವನಿಗೆ ಸರಿಯಾದ ನಿದ್ದೆಯಿಲ್ಲ.”

ನನ್ನ ಕೈಯೊಳಗಿನ ಹೂ ಕೈಯಲ್ಲೇ ಉಳಿಯಿತು. ತೋಟಕ್ಕೆ ನೀರುಣಿಸಲು ನಾನು ಹತ್ತು ವರ್ಷದಿಂದ ಐದಕ್ಕೇ ಪಂಪು ಹಚ್ಚುತ್ತಿದ್ದೆ. ಅದು ಸಪ್ಪಳವೆಂದೇ ನನಗೆ ತೋರಿರಲಿಲ್ಲ. ನಾನು ಓದಿ ಹೇಳಿದ್ದ ಅದೇ ನಿಯಮದಲ್ಲಿ ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರವರೆಗೆ! ಅವರದು ಹಗಲಿನ ಗದ್ದಲ; ನನ್ನದು ರಾತ್ರಿಯದು.

“ಯಾಕಮ್ಮಾ, ಮೊದಲೇ ಹೇಳಬಾರದಿತ್ತೇ?” ಎಂದೆ. “ಹಿರಿಯರಿಗೆ ಹೇಗೆ ಹೇಳುವದು?” ಎಂದಳು. ಆಗ ನಾನು ಮಾವನವರ ಕಿವಿಯ ವಿಷಯ, ಖಾಲಿ ಕುರ್ಚಿಯ ವಿಷಯ ಹೇಳಿದೆ. “ಆಜೋಬಾ ಊರಿಗೆ ಹೋಗಿದ್ದಾರೆಂದು ತಿಳಿದಿದ್ದೆ,” ಎಂದು ಆಕೆ ಮುಖ ಸಣ್ಣದು ಮಾಡಿದಳು.

ಈಗ ಪಂಪು ಏಳರ ಮೇಲೆ. ಅದರ ಕೆಳಗೆ ದಪ್ಪ ರಬ್ಬರಿನ ಹಾಸು. ಅವರ ಪೆಟ್ಟಿಗೆಗಳು ಒಳಕೋಣೆಗೆ ಹೋಗಿವೆ. ಐದರಿಂದ ಏಳು ಮೌನ. ಕುರ್ಚಿಯನ್ನೂ ಆಚೆಯ ಮೂಲೆಗೆ, ಮನೆಯ ಗೋಡೆಯ ಮರೆಗೆ ಸರಿಸಿದೆವು. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸಪ್ಪಳ ಸುಮಾರು 6 ಡೆಸಿಬೆಲ್ ಇಳಿಯುತ್ತದೆಂಬುದು ಲೆಕ್ಕ. ಎಲ್ಲವೂ ಸರಿಹೋಯಿತೆಂದಲ್ಲ. ಕ್ರಿಕೆಟ್ ಪಂದ್ಯವಿದ್ದ ದಿನ ಕರಾರು ಮುರಿಯುತ್ತದೆ. ಆ ದಿನ ಮಾವನವರು ಒಳಗೇ ಇರುತ್ತಾರೆ. ಉಳಿದ ದಿನಗಳಲ್ಲಿ ಕುರ್ಚಿ ಖಾಲಿಯಿರುವದಿಲ್ಲ.

ಮರಾಠಿಯಲ್ಲಿ ‘ಶೇಜಾರಧರ್ಮ’ವೆಂಬ ಚೆಂದದ ಮಾತಿದೆ, ನೆರೆಯವರು ನೆರೆಯವರಿಗೆ ಸಲ್ಲಿಸಬೇಕಾದ ಧರ್ಮ. ಇದೇ ಪುಣೆಯ ಪ್ರಭಾತ ಸ್ಟುಡಿಯೋದಲ್ಲಿ ವ್ಹಿ. ಶಾಂತಾರಾಮರು 1941ರಲ್ಲಿ ‘ಶೇಜಾರಿ’ ಎಂಬ ಚಿತ್ರವನ್ನೇ ತೆಗೆದರು. ಅದರಲ್ಲಿ ಜೀವದ ಗೆಳೆಯರಾದ ನೆರೆಯವರನ್ನು ಅಗಲಿಸಲು ಮೂರನೆಯವನೊಬ್ಬ ಬೇಕಾಯಿತು. ನಮಗೆ ಅವನೂ ಬೇಡ, ಮಾತಿಲ್ಲದಿದ್ದರೆ ಸಾಕು.

ಆದುದರಿಂದ, ತಂಗಿ, ಗದ್ದಲ ಇಲ್ಲದ ಹೊತ್ತಿನಲ್ಲಿ, ಸಿಟ್ಟು ಇಳಿದಾಗ ಹೋಗು. “ಸಪ್ಪಳ ಮಾಡಬೇಡಿ” ಎನ್ನದೆ, ಯಾರಿಗೆ, ಯಾವ ಹೊತ್ತಿಗೆ, ಏನು ತೊಂದರೆಯೆಂದು ಹೇಳು. ನಿನ್ನಿಂದ ಅವರಿಗೇನು ತೊಂದರೆಯೆಂದೂ ಕೇಳು. ಎರಡು ಮೂರು ಸಲ ಹೇಳಿಯೂ ಕೇಳದಿದ್ದರೆ ದಿನಾಂಕ, ವೇಳೆ ಬರೆದಿಡು. ಮಿತಿಯನ್ನು 10 ಡೆಸಿಬೆಲ್ ಇಲ್ಲವೆ ಅದಕ್ಕೂ ಹೆಚ್ಚು ಮೀರಿದರೆ, ಅಥವಾ ರಾತ್ರಿಯ ನಿರ್ಬಂಧ ಮುರಿದರೆ, ದೂರು ಕೊಡುವ ಹಕ್ಕು ನಿನಗಿದೆ. ಸಂಕೋಚಪಡಬೇಡ.

ಮಧುಮಾಲತಿಯನ್ನು ಮಾತ್ರ ನೆಡು. ಸಪ್ಪಳ ತಡೆಯಲಿಕ್ಕಲ್ಲ, ಹೂವಿಗಾಗಿ. ನಮ್ಮ ಬಳ್ಳಿ ಈಗ ಅವರ ಬಾಲ್ಕನಿಗೂ ಹಬ್ಬಿದೆ.